ಮಿಕ್ಸಿ ಜಾರಿನಿಂದ ಗ್ಲೂಕೋಸ್ ಸೆನ್ಸರ್‌ವರೆಗೆ: ಗ್ರಾಫೀನ್ ಮೇಲೆ ಎಂಜೈಮ್ ಕೂರಿಸುವ ಸಮಗ್ರ ಮಾರ್ಗದರ್ಶಿ

ಮೊದಲ ಸಲ ಗ್ರಾಫೀನ್ (ಒಂದು ಪರಮಾಣು ದಪ್ಪದ ಕಾರ್ಬನ್ ಹಾಳೆ) ಮೇಲೆ ಗ್ಲೂಕೋಸ್ ಆಕ್ಸಿಡೇಸ್ ಎಂಬ ಎಂಜೈಮ್ ಕೂರಿಸಿ ಅಳತೆ ಮಾಡಿದ ದಿನ, ಪರದೆ ಮೇಲೆ ಮೈನಸ್ 0.45 ವೋಲ್ಟ್ ಹತ್ತಿರ ಕರೆಂಟಿನ ಎರಡು ಉಬ್ಬು ಬಂದವು. ಒಂದು ಮೇಲಕ್ಕೆ, ಒಂದು ಕೆಳಕ್ಕೆ, ಪುಸ್ತಕದಲ್ಲಿ ಬರೆದ ಹಾಗೆ. ಗೈಡ್ ಹತ್ತಿರ ಓಡಿದೆ. "ಎಂಜೈಮಿನ ಎಲೆಕ್ಟ್ರಾನ್ ನೇರವಾಗಿ ಎಲೆಕ್ಟ್ರೋಡಿಗೇ ಬರ್ತಿದೆ ಸರ್!" ಅವರು ತಲೆ ಎತ್ತಲೂ ಇಲ್ಲ. "ಎಂಜೈಮನ್ನ ಕುದಿಸಿ ನೋಡಿದ್ಯಾ?" ಅಂದರು.

ಕುದಿಸಿ ನೋಡಿದೆ. ಎಂಜೈಮ್ ಸತ್ತೇ ಹೋಗಿತ್ತು, ಆದರೆ ಉಬ್ಬು ಹೋಗಲಿಲ್ಲ. ಮೊದಲಿಗಿಂತ ಎತ್ತರವಾಗಿ ಬಂತು.

ಈ ಮಾರ್ಗದರ್ಶಿ ಬರೆಯುವುದಕ್ಕೆ ಆ ಉಬ್ಬೇ ಕಾರಣ. ಗ್ರಾಫೀನ್ ಡಿಸ್ಪರ್ಷನ್ (ನೀರಿನಲ್ಲಿ ಹರಡಿದ ದ್ರವ) ಮಾಡುವುದು, ಎಲೆಕ್ಟ್ರೋಡಿಗೆ ಹಚ್ಚುವುದು, ಎಂಜೈಮ್ ಹಿಡಿದಿಡುವುದು, ಗ್ಲೂಕೋಸ್ ಅಳೆಯುವುದು ಎಲ್ಲವನ್ನೂ ಹಂತ ಹಂತವಾಗಿ ಹೇಳುತ್ತೇನೆ. ಜೊತೆಗೆ, ನೀವು ಅಳೆಯುತ್ತಿರುವುದು ನಿಜವಾಗಿ ಎಂಜೈಮಿನ ಕೆಲಸವನ್ನೇ ಅನ್ನುವುದನ್ನು ಹೇಗೆ ಖಾತ್ರಿ ಮಾಡಿಕೊಳ್ಳಬೇಕು ಅಂತಲೂ ಹೇಳುತ್ತೇನೆ. ಬಿ.ಎಸ್ಸಿ. ಮಟ್ಟದ ರಸಾಯನಶಾಸ್ತ್ರ ಗೊತ್ತಿದ್ದು, ಒಂದು ಪೊಟೆನ್ಶಿಯೋಸ್ಟಾಟ್ (ಎಲೆಕ್ಟ್ರೋಡಿಗೆ ವೋಲ್ಟೇಜ್ ಕೊಟ್ಟು ಕರೆಂಟ್ ಅಳೆಯುವ ಯಂತ್ರ) ಕೈಗೆ ಸಿಕ್ಕರೆ ಸಾಕು. ಒಟ್ಟು ಮೂರು ದಿನದ ಕೆಲಸ.

ಶುರು ಮಾಡುವ ಮುಂಚೆ ನಾಲ್ಕು ಮಾತು

ಈರುಳ್ಳಿ ಸಿಪ್ಪೆಯ ಮೇಲೆ ಕಪ್ಪು ಪುಡಿ ಹಾಗೆ ಬೂಷ್ಟು ಹಿಡಿದಿರುತ್ತಲ್ಲ, ಅದರ ಹೆಸರು ಆಸ್ಪರ್ಜಿಲಸ್ ನೈಗರ್. ಅಂಗಡಿಯಲ್ಲಿ ಸಿಗುವ ಗ್ಲೂಕೋಸ್ ಆಕ್ಸಿಡೇಸ್ ಬಹುಪಾಲು ಆ ಬೂಷ್ಟಿನದೇ. ಇದು ಗ್ಲೂಕೋಸಿನಿಂದ ಎರಡು ಎಲೆಕ್ಟ್ರಾನ್ ಕಿತ್ತುಕೊಂಡು ಆಮ್ಲಜನಕಕ್ಕೆ ಕೊಡುತ್ತದೆ. ಆಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಎಲೆಕ್ಟ್ರಾನ್ ಹಿಡಿದುಕೊಳ್ಳುವ ಭಾಗದ ಹೆಸರು ಎಫ್‌ಎಡಿ. ಅದು ಪ್ರೊಟೀನಿನ ಹೊರಮೈಯಿಂದ ಒಂದು ನ್ಯಾನೋಮೀಟರಿಗಿಂತ ಜಾಸ್ತಿ ಒಳಗೆ ಹೂತುಕೊಂಡಿದೆ. ತೆಂಗಿನಕಾಯಿಯ ತಿರುಳಿದ್ದ ಹಾಗೆ: ನಾರು, ಚಿಪ್ಪು ಎರಡನ್ನೂ ದಾಟಿದರೆ ಮಾತ್ರ ಸಿಗುತ್ತದೆ. ಎಲೆಕ್ಟ್ರಾನಿಗೆ ಅಷ್ಟು ದೂರ ಜಿಗಿಯುವುದು ಕಷ್ಟ.

ಹಾಗಾದರೆ ಗ್ರಾಫೀನ್ ಯಾಕೆ? ನನ್ನ ಪ್ರಕಾರ ಉತ್ತರ ಸರಳ: ಜಾಗ. ಸಮತಟ್ಟಾದ ಎಲೆಕ್ಟ್ರೋಡಿನ ಮೇಲೆ ಕೂರುವ ಎಂಜೈಮ್ ಬಹಳ ಕಡಿಮೆ. ಅದರ ಮೇಲೆ ಕರೆಂಟ್ ಹರಿಯುವ, ಸುಕ್ಕುಸುಕ್ಕಾದ ಹಾಳೆಗಳ ರಾಶಿ ಹಾಕಿದರೆ ಎಂಜೈಮಿಗೂ ಜಾಗ ಜಾಸ್ತಿ, ಎಲೆಕ್ಟ್ರಾನ್ ಹೊತ್ತು ತರುವ ಮೀಡಿಯೇಟರಿಗೂ ಜಾಗ ಜಾಸ್ತಿ. ಗ್ರಾಫೀನ್ ಎಂಜೈಮಿನೊಳಗೆ ವೈರ್ ಎಳೆದುಬಿಡುತ್ತದೆ ಅನ್ನುವ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಕೊನೆಯಲ್ಲಿ ಅದಕ್ಕೇ ಬರುತ್ತೇವೆ.

ಗ್ರಾಫೈಟಿನಿಂದ ಗ್ರಾಫೀನ್ ಪದರ ಬಿಡಿಸುವ ದಾರಿಗಳು ಹಲವು. 2004ರಲ್ಲಿ ಮ್ಯಾಂಚೆಸ್ಟರಿನಲ್ಲಿ ಗೈಮ್ ಮತ್ತು ನೊವೊಸೆಲೊವ್ ಟೇಪ್ ಹಚ್ಚಿ ಪದರ ಕಿತ್ತಿದ್ದು ಎಲ್ಲರಿಗೂ ಗೊತ್ತು. 2008ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಕೋಲ್ಮನ್ ತಂಡ ಎನ್‌ಎಂಪಿ ಎಂಬ ದ್ರಾವಕದಲ್ಲಿ ಗ್ರಾಫೈಟ್ ಹಾಕಿ ಸೋನಿಕೇಟ್ ಮಾಡಿ, ಅಂದರೆ ಶಬ್ದದ ಅಲೆಯಿಂದ ಅಲುಗಿಸಿ, ಪದರ ಬಿಡಿಸಿ ತೋರಿಸಿತು. ದ್ರಾವಕವೇನೋ ಒಳ್ಳೆಯದು, ಆದರೆ ಅದು ಕುದಿಯುವುದು 202 ಡಿಗ್ರಿಗೆ. ಎಲೆಕ್ಟ್ರೋಡಿನಿಂದ ಪೂರ್ತಿ ಹೋಗುವುದಿಲ್ಲ, ಉಳಿದದ್ದು ಎಂಜೈಮಿಗೆ ವಿಷ. ನಿಮಗೂ ಒಳ್ಳೆಯದಲ್ಲ. ಸೋಪಿನಂಥ ಎಸ್‌ಡಿಎಸ್ ಬಳಸಿದರೆ ಅದು ಪ್ರೊಟೀನನ್ನೇ ಬಿಚ್ಚಿ ಹಾಕುತ್ತದೆ. ಗ್ರಾಫೀನ್ ಆಕ್ಸೈಡ್ ನೀರಿನಲ್ಲಿ ಸುಲಭವಾಗಿ ಹರಡುತ್ತದೆ, ಆದರೆ ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಆಮೇಲೆ ಅದನ್ನು ಅಪಕರ್ಷಿಸುವ (ರೆಡ್ಯೂಸ್ ಮಾಡುವ) ಕೆಲಸ ಬೇರೆ.

ನನಗೆ ಹಿಡಿಸಿದ್ದು ಮಿಕ್ಸಿ ದಾರಿ. ಅಡುಗೆಮನೆ ಬ್ಲೆಂಡರಿನಲ್ಲೇ ಗ್ರಾಫೈಟ್ ಪದರ ಬಿಡಿಸಬಹುದು ಅಂತ 2014ರಲ್ಲಿ ಅದೇ ಡಬ್ಲಿನ್ ತಂಡ ತೋರಿಸಿತು. ಮರುವರ್ಷ ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಚಲ್ಲಾ ಕುಮಾರ್ ಅವರ ಗುಂಪು ಸೋಪಿನ ಬದಲು ಪ್ರೊಟೀನ್ ಹಾಕಿ ಅದೇ ಕೆಲಸ ಮಾಡಿತು. ಬಿಎಸ್‌ಎ, ಅಂದರೆ ಹಸುವಿನ ರಕ್ತದ ಆಲ್ಬುಮಿನ್, ಗ್ರಾಫೀನ್ ಹಾಳೆಗೆ ಅಂಟಿಕೊಂಡು ಹಾಳೆಗಳು ಮತ್ತೆ ಒಂದಾಗದ ಹಾಗೆ ತಡೆಯುತ್ತದೆ. ಎಂಜೈಮಿಗೆ ಕೂರಲು ಹದವಾದ ಹಾಸಿಗೆಯೂ ಆಗುತ್ತದೆ. ಕರೆಂಟ್ ಹರಿಯುವುದು ಸ್ವಲ್ಪ ಕಡಿಮೆಯಾಗುತ್ತದೆ, ಅದು ನಿಜ. ಆ ನಷ್ಟಕ್ಕೆ ನಾನು ಒಪ್ಪಿದ್ದೇನೆ.

ಹಂತ 1: ಸಾಮಾನು ಜೋಡಿಸಿಕೊಳ್ಳುವುದು

ದ್ರವಕ್ಕೆ: ಫ್ಲೇಕ್ ಗ್ರಾಫೈಟ್, ಬಿಎಸ್‌ಎ, ಗ್ಲೂಕೋಸ್ ಆಕ್ಸಿಡೇಸ್, ಕೈಟೋಸಾನ್, ಅಸಿಟಿಕ್ ಆಮ್ಲ, ಗ್ಲೂಕೋಸ್, ಎರಡು ಬಗೆಯ ಸೋಡಿಯಂ ಫಾಸ್ಫೇಟ್, ಪೊಟ್ಯಾಸಿಯಂ ಕ್ಲೋರೈಡ್, ಪೊಟ್ಯಾಸಿಯಂ ಫೆರಿಸಯನೈಡ್, ಫೆರೋಸೀನ್ ಮೆಥನಾಲ್.

ಸಲಕರಣೆಗೆ: ಹಳೆಯ ಮಿಕ್ಸಿ ಮತ್ತು ಜಾರು, ಸೆಂಟ್ರಿಫ್ಯೂಜ್, ಸ್ಪೆಕ್ಟ್ರೋಫೋಟೋಮೀಟರ್, ಮೈಕ್ರೋಪೈಪೆಟ್, 3 ಮಿ.ಮೀ. ಅಗಲದ ಗ್ಲಾಸಿ ಕಾರ್ಬನ್ ಎಲೆಕ್ಟ್ರೋಡ್, ಸಿಲ್ವರ್ ಕ್ಲೋರೈಡ್ ರೆಫರೆನ್ಸ್ ಎಲೆಕ್ಟ್ರೋಡ್ (ವೋಲ್ಟೇಜ್ ಅಳೆಯುವುದು ಇದಕ್ಕೆ ಹೋಲಿಸಿ), ಪ್ಲಾಟಿನಂ ತಂತಿ, ನೈಟ್ರೋಜನ್ ಸಿಲಿಂಡರ್.

ಮಿಕ್ಸಿಯ ಬಗ್ಗೆ ಒಂದು ಮಾತು ಕಟ್ಟುನಿಟ್ಟಾಗಿ: ಒಮ್ಮೆ ಲ್ಯಾಬಿಗೆ ಬಂದ ಮಿಕ್ಸಿ ಮತ್ತೆ ಅಡುಗೆಮನೆಗೆ ಹೋಗುವ ಹಾಗಿಲ್ಲ. ಜಾರನ್ನು ಎಷ್ಟು ತೊಳೆದರೂ ಸರಿ. ನೀರಿನ ವಿಷಯದಲ್ಲೂ ಜಿಪುಣತನ ಬೇಡ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಕ್ಯಾನ್ ತಂದು ಕೆಲಸ ಮುಗಿಸೋಣ ಅನ್ನಿಸುತ್ತದೆ, ಬೋರ್‌ವೆಲ್ ನೀರಿನ ಫಿಲ್ಟರ್ ಇದೆಯಲ್ಲ ಅನ್ನಿಸುತ್ತದೆ. ಎರಡೂ ಬೇಡ. ಕ್ಯಾಲ್ಸಿಯಂ ಒಂದಿಷ್ಟು ಉಳಿದಿದ್ದರೂ ಗ್ರಾಫೀನ್ ಹಾಳೆಗಳು ಗಂಟು ಕಟ್ಟುತ್ತವೆ. ಲ್ಯಾಬಿನ ಶುದ್ಧ ನೀರನ್ನೇ ಬಳಸಿ.

ಹಂತ 2: ಹಿಂದಿನ ರಾತ್ರಿಯ ಕೆಲಸ

ನಾಳೆ ದೋಸೆ ಬೇಕು ಅಂದರೆ ಹಿಟ್ಟು ಇವತ್ತೇ ರುಬ್ಬಿಡಬೇಕು. ಹಾಗೆಯೇ ಇಲ್ಲಿ ಮೂರು ವಸ್ತು ಮೊದಲೇ ತಯಾರಿರಬೇಕು.

ಬಫರ್ ಮೊದಲು. ಒಂದೇ ಸಾಂದ್ರತೆಯ ಮಾನೋಸೋಡಿಯಂ ಫಾಸ್ಫೇಟ್ 39 ಪಾಲು, ಡೈಸೋಡಿಯಂ ಫಾಸ್ಫೇಟ್ 61 ಪಾಲು ಬೆರೆಸಿದರೆ ಪಿಎಚ್ 7ರ ಹತ್ತಿರ ಬರುತ್ತದೆ. ಮೀಟರಿನಲ್ಲಿ ನೋಡಿ ಸರಿಮಾಡಿ. ಅಳತೆಗೆ 0.1 ಮೋಲಾರ್ ಫಾಸ್ಫೇಟ್, ಅದರಲ್ಲಿ 0.1 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್. ಗ್ರಾಫೀನ್ ಇಡಲು ಬೇರೆ ಬಾಟಲಿಯಲ್ಲಿ ಬರೀ 5 ಮಿಲಿಮೋಲಾರ್ ಫಾಸ್ಫೇಟ್. ಎರಡೂ ಬಾಟಲಿಗೆ ದಪ್ಪ ಅಕ್ಷರದಲ್ಲಿ ಲೇಬಲ್ ಹಾಕಿ. ಅದಲುಬದಲಾದರೆ ಏನಾಗುತ್ತದೆ ಅಂತ ಮುಂದೆ ಹೇಳುತ್ತೇನೆ.

ಎರಡನೆಯದು ಗ್ಲೂಕೋಸ್. 18 ಗ್ರಾಂ ಗ್ಲೂಕೋಸನ್ನು ಅಳತೆಯ ಬಫರಿನಲ್ಲಿ ಕರಗಿಸಿ 100 ಮಿ.ಲೀ. ಮಾಡಿದರೆ 1 ಮೋಲಾರ್. ಇದನ್ನು ರಾತ್ರಿಯಿಡೀ ಹಾಗೇ ಬಿಡಲೇಬೇಕು. ಡಬ್ಬಿಯಲ್ಲಿರುವ ಗ್ಲೂಕೋಸ್ ಹೆಚ್ಚಾಗಿ ಆಲ್ಫಾ ರೂಪದ್ದು. ನಮ್ಮ ಎಂಜೈಮ್ ತಿನ್ನುವುದು ಬೀಟಾ ರೂಪವನ್ನು. ನೀರಿನಲ್ಲಿ ನಿಧಾನವಾಗಿ ಒಂದು ಇನ್ನೊಂದಾಗಿ ಬದಲಾಗಿ, ಕೊನೆಗೆ 36 ಪಾಲು ಆಲ್ಫಾ, 64 ಪಾಲು ಬೀಟಾ ಎಂಬಲ್ಲಿ ನಿಲ್ಲುತ್ತದೆ. ಆಗತಾನೇ ಕರಗಿಸಿದ ಗ್ಲೂಕೋಸ್ ಹಾಕಿದರೆ ಬೆಳಿಗ್ಗೆಯ ಅಳತೆ ಒಂದು, ಸಂಜೆಯದು ಇನ್ನೊಂದು. ನೀವು ಎಲೆಕ್ಟ್ರೋಡಿಗೆ ಬೈಯುತ್ತಾ ಕೂರುತ್ತೀರಿ.

ಮೂರನೆಯದು ಕೈಟೋಸಾನ್. ಇದು ಸೀಗಡಿ, ಏಡಿ ಚಿಪ್ಪಿನಿಂದ ತೆಗೆದದ್ದು. 100 ಮಿ.ಲೀ. ನೀರಿಗೆ 1 ಮಿ.ಲೀ. ಅಸಿಟಿಕ್ ಆಮ್ಲ ಹಾಕಿ, ಅದರಲ್ಲಿ ಅರ್ಧ ಗ್ರಾಂ ಕೈಟೋಸಾನ್ ಹಾಕಿ ರಾತ್ರಿಯಿಡೀ ತಿರುಗಲು ಬಿಡಿ. ಬೆಳಿಗ್ಗೆ ಸೋಸಿ, ಸೋಡಿಯಂ ಹೈಡ್ರಾಕ್ಸೈಡ್ ಹನಿಹನಿಯಾಗಿ ಹಾಕುತ್ತಾ ಪಿಎಚ್ 5ರಿಂದ 5.5ಕ್ಕೆ ತನ್ನಿ. 6 ದಾಟಿಸಬೇಡಿ, ಬಿಳಿ ಎಳೆಎಳೆಯಾಗಿ ಹೊರಬಂದುಬಿಡುತ್ತದೆ.

ಹಂತ 3: ಮಿಕ್ಸಿ ಹಾಕುವುದು

300 ಮಿ.ಲೀ. ನೀರಿಗೆ 0.9 ಗ್ರಾಂ ಬಿಎಸ್‌ಎ ಹಾಕಿ. ಕಲಕಬೇಡಿ, ಸುಮ್ನೆ ಮೇಲೆ ಉದುರಿಸಿ ಹತ್ತು ನಿಮಿಷ ಬಿಟ್ಟರೆ ತಾನಾಗಿ ನೆಂದು ಕರಗುತ್ತದೆ. ಪಿಎಚ್ 7ರ ಆಸುಪಾಸು ಇರಲಿ. ಬಿಎಸ್‌ಎ ಮೇಲಿನ ವಿದ್ಯುದಾವೇಶ ಸೊನ್ನೆಯಾಗುವುದು ಪಿಎಚ್ 4.7ರ ಹತ್ತಿರ. ಅಲ್ಲಿ ಹಾಳೆಗಳ ನಡುವಿನ ತಳ್ಳಾಟ ನಿಂತು ಎಲ್ಲ ಒಟ್ಟಿಗೆ ಕೂತುಬಿಡುತ್ತವೆ. 7ರಲ್ಲಿ ಎಲ್ಲವೂ ಮೈನಸ್, ಹಾಗಾಗಿ ಒಂದನ್ನೊಂದು ದೂರ ತಳ್ಳುತ್ತವೆ.

ಮಾಸ್ಕ್ ಹಾಕಿಕೊಂಡು 6 ಗ್ರಾಂ ಗ್ರಾಫೈಟ್ ತೂಗಿ ಜಾರಿಗೆ ಹಾಕಿ. ಜಾರು ಆದಷ್ಟೂ ತುಂಬಿರಲಿ. ಮೇಲೆ ಗಾಳಿ ಜಾಸ್ತಿ ಇದ್ದಷ್ಟೂ ನೊರೆ ಜಾಸ್ತಿ, ನೊರೆಯಲ್ಲಿ ಸಿಕ್ಕಿದ ಪ್ರೊಟೀನ್ ಹಾಳು. ಮುಚ್ಚಳದ ರಬ್ಬರ್ ಸರಿಯಾಗಿ ಕೂತಿದೆಯಾ ನೋಡಿ. ಜಾರಿನಿಂದ ಸೋರಿದ ಗ್ರಾಫೈಟ್ ಮೋಟಾರಿಗೆ ಇಳಿದರೆ ಶಾರ್ಟ್ ಆಗುತ್ತದೆ. ಅದು ಕರೆಂಟ್ ಹರಿಯುವ ಪುಡಿ ಅನ್ನುವುದನ್ನು ಮರೆಯಬೇಡಿ.

ಒಂದು ನಿಮಿಷ ಓಡಿಸಿ, ಎರಡು ನಿಮಿಷ ನಿಲ್ಲಿಸಿ. ಬಿಡುವಿನಲ್ಲಿ ಜಾರನ್ನು ಐಸ್ ಇಟ್ಟ ತಟ್ಟೆಯಲ್ಲಿಡಿ. ಒಟ್ಟು 40 ನಿಮಿಷ ಓಡಬೇಕು, ಅಂದರೆ ಎರಡು ಗಂಟೆ ಕೂರಬೇಕು. ದ್ರವದ ಬಿಸಿ 40 ಡಿಗ್ರಿ ದಾಟದಿರಲಿ. ಮಧ್ಯೆ ಮಿಕ್ಸಿ ಇದ್ದಕ್ಕಿದ್ದ ಹಾಗೆ ನಿಂತರೆ ಗಾಬರಿ ಬೇಡ: ತಳದಲ್ಲಿರುವ ಕೆಂಪು ಬಟನ್ ಹೊರಗೆ ಬಂದಿರುತ್ತದೆ. ಮೋಟಾರ್ ಕಾದಿದೆ ಅಂತ ಅರ್ಥ. ಕಾಲು ಗಂಟೆ ಬಿಟ್ಟು ಬಟನ್ ಒತ್ತಿ. ಮೊದಲ ದಿನ ಬಿಡುವೇ ಕೊಡದೆ ಓಡಿಸಿ ಒಂದು ಮೋಟಾರ್ ಸುಟ್ಟವನು ನಾನು. ಸುಟ್ಟ ವಾರ್ನಿಶ್ ವಾಸನೆ ಲ್ಯಾಬಿನಿಂದ ಹೋಗಲು ಎರಡು ದಿನ ಹಿಡಿಯಿತು.

ಇಲ್ಲಿ ಬ್ಲೇಡು ಗ್ರಾಫೈಟನ್ನು ಕತ್ತರಿಸುವುದಲ್ಲ. ರಭಸದಿಂದ ಸುತ್ತುವ ನೀರಿನ ಪದರಗಳು ಒಂದರ ಮೇಲೊಂದು ಜಾರುವಾಗ, ನಡುವೆ ಸಿಕ್ಕಿದ ಗ್ರಾಫೈಟಿನ ಹಾಳೆಗಳೂ ಇಸ್ಪೀಟು ಕಟ್ಟಿನ ಎಲೆಗಳ ಹಾಗೆ ಜಾರಿ ಬಿಡಿಸಿಕೊಳ್ಳುತ್ತವೆ. ಬಿಡಿಸಿಕೊಂಡ ಮೈಗೆ ತಕ್ಷಣ ಬಿಎಸ್‌ಎ ಅಂಟಿಕೊಳ್ಳುತ್ತದೆ.

ಮುಗಿದ ಮೇಲೆ ಎತ್ತರದ ಸಿಲಿಂಡರಿಗೆ ಸುರಿದು ರಾತ್ರಿ ಫ್ರಿಜ್ಜಿನಲ್ಲಿಡಿ. ನೊರೆ ಮೇಲೇರುತ್ತದೆ, ಬಿಡಿಸದ ಗ್ರಾಫೈಟ್ ತಳಕ್ಕಿಳಿಯುತ್ತದೆ.

ಹಂತ 4: ಬೇರ್ಪಡಿಸುವುದು, ತೊಳೆಯುವುದು, ಎಷ್ಟಿದೆ ಅಂತ ನೋಡುವುದು

ಮಧ್ಯದ ಕಪ್ಪು ದ್ರವವನ್ನು ಪೈಪೆಟ್ಟಿನಿಂದ ಎಳೆದು 250 ಜಿ ಬಲದಲ್ಲಿ (ಭೂಮಿಯ ಗುರುತ್ವದ 250 ಪಟ್ಟು) 45 ನಿಮಿಷ ಸೆಂಟ್ರಿಫ್ಯೂಜ್ ಮಾಡಿ. ಬರೆದಿಡುವಾಗ ಆರ್‌ಪಿಎಂ ಬರೆಯಬೇಡಿ, ಜಿ ಬರೆಯಿರಿ. ಒಂದೊಂದು ಯಂತ್ರದ ರೋಟರ್ ಒಂದೊಂದು ಅಳತೆಯದು. ಲೆಕ್ಕ ಹೀಗೆ: ರೋಟರಿನ ತ್ರಿಜ್ಯ ಸೆಂಟಿಮೀಟರಿನಲ್ಲಿ, ಅದಕ್ಕೆ ಆರ್‌ಪಿಎಂನ ವರ್ಗದಿಂದ ಗುಣಿಸಿ, ಬಂದದ್ದನ್ನು 0.00001118ರಿಂದ ಗುಣಿಸಿ. ತ್ರಿಜ್ಯ 10 ಸೆಂ.ಮೀ. ಇದ್ದರೆ 1,500 ಆರ್‌ಪಿಎಂಗೆ ಸುಮಾರು 250 ಜಿ.

ಮೇಲಿನ ದ್ರವ ಉಳಿಸಿಕೊಳ್ಳಿ, ತಳದ ಗಸಿ ಬಿಡಿ. ಇನ್ನೂ ಅದರಲ್ಲಿ ಅಂಟಿಕೊಳ್ಳದ ಬಿಎಸ್‌ಎ ಬೇಕಾದಷ್ಟಿದೆ. ಅದು ಎಲೆಕ್ಟ್ರೋಡಿನ ಮೇಲೆ ಒಣಗಿದರೆ ಅಂಟಿನ ಪದರ. ಹಾಗಾಗಿ ಈ ಸಲ 10,000 ಜಿಯಲ್ಲಿ ಒಂದು ಗಂಟೆ ತಿರುಗಿಸಿ. ಈಗ ಗ್ರಾಫೀನ್ ತಳಕ್ಕೆ ಬರುತ್ತದೆ. ಮೇಲಿನದ್ದು ಚೆಲ್ಲಿ, 5 ಮಿಲಿಮೋಲಾರ್ ಬಫರ್ ಹಾಕಿ, ಸೋನಿಕೇಟರ್ ತೊಟ್ಟಿಯಲ್ಲಿ ಐದು ನಿಮಿಷ ಇಟ್ಟು ಮತ್ತೆ ಹರಡಿ. ಇದನ್ನೇ ಇನ್ನೊಂದು ಸಲ ಮಾಡಿ.

ಲೇಬಲ್ ವಿಷಯ ಹೇಳಿದ್ದೆನಲ್ಲ. ಇಲ್ಲಿ ತಪ್ಪಿ 0.1 ಮೋಲಾರ್ ಬಾಟಲಿ ಎತ್ತಿಕೊಂಡರೆ, ಉಪ್ಪು ಜಾಸ್ತಿಯಾಗಿ ಹಾಳೆಗಳ ನಡುವಿನ ತಳ್ಳಾಟ ಕುಗ್ಗುತ್ತದೆ. ಕೆಲವೇ ದಿನದಲ್ಲಿ, ಒಮ್ಮೊಮ್ಮೆ ಕೆಲವೇ ಗಂಟೆಯಲ್ಲಿ, ತಳದಲ್ಲಿ ಕಾಡಿಗೆಯಂಥ ಪದರ.

ಎಷ್ಟು ಗ್ರಾಫೀನ್ ಇದೆ? 660 ನ್ಯಾನೋಮೀಟರ್ ಬೆಳಕಿನಲ್ಲಿ ಅಬ್ಸಾರ್ಬೆನ್ಸ್ (ದ್ರವ ಎಷ್ಟು ಬೆಳಕು ತಡೆಯುತ್ತದೆ ಅನ್ನುವ ಅಳತೆ) ನೋಡುವುದು ರೂಢಿ. ಉದಾಹರಣೆಗೆ 20 ಪಟ್ಟು ತೆಳು ಮಾಡಿದ ದ್ರವ 1 ಸೆಂ.ಮೀ. ಕ್ಯುವೆಟ್ಟಿನಲ್ಲಿ 0.82 ತೋರಿಸಿತು ಅನ್ನಿ. 2008ರ ಡಬ್ಲಿನ್ ಪ್ರಬಂಧದ ಗುಣಾಂಕದ ಪ್ರಕಾರ, ಲೀಟರಿಗೆ 1 ಗ್ರಾಂ ಗ್ರಾಫೀನ್ ಇದ್ದರೆ ಬೆಳಕು ಸಾಗುವ ಒಂದು ಮೀಟರಿಗೆ 2,460. ಸೆಂಟಿಮೀಟರಿಗೆ 24.6. ಭಾಗಿಸಿ 20ರಿಂದ ಗುಣಿಸಿದರೆ ಮಿ.ಲೀ.ಗೆ ಸುಮಾರು 0.67 ಮಿ.ಗ್ರಾಂ. ಆದರೆ ಈ ಗುಣಾಂಕವನ್ನು ಕಣ್ಣು ಮುಚ್ಚಿ ನಂಬಬೇಡಿ. ಅದೇ ತಂಡದ ಬೇರೆ ಪ್ರಬಂಧಗಳಲ್ಲಿ, ಬೇರೆ ಸೋಪಿನ ದ್ರವಗಳಿಗೆ, 1,390 ಇದೆ, 6,600 ಇದೆ. ಒಮ್ಮೆಯಾದರೂ ನಿಮ್ಮದೇ ದ್ರವವನ್ನು ತೂಗಿದ ಫಿಲ್ಟರಿನಲ್ಲಿ ಸೋಸಿ, ಒಣಗಿಸಿ, ತೂಗಿ ನಿಮ್ಮದೇ ಗುಣಾಂಕ ಮಾಡಿಕೊಳ್ಳಿ. ತೂಕದಲ್ಲಿ ಬಿಎಸ್‌ಎ ಕೂಡ ಸೇರಿರುತ್ತದೆ, ಅದನ್ನು ಹೇಳಿಯೇ ಬರೆಯಿರಿ.

ರಾಮನ್ ಯಂತ್ರ (ಲೇಸರ್ ಬೆಳಕು ಚೆದುರುವ ರೀತಿಯಿಂದ ವಸ್ತು ಗುರುತಿಸುವುದು) ಸಿಕ್ಕರೆ ಒಂದು ಹನಿ ಒಣಗಿಸಿ ನೋಡಿ. 1,350, 1,580, 2,700 ಸೆಂ.ಮೀ.⁻¹ ಸುತ್ತ ಮೂರು ಶಿಖರ. ಕೊನೆಯದರ ಆಕಾರ ಗ್ರಾಫೈಟಿನದಕ್ಕಿಂತ ಬೇರೆಯಾಗಿದ್ದರೆ ಹಾಳೆ ಬಿಡಿಸಿಕೊಂಡಿವೆ ಅಂತ ಅರ್ಥ. ಸಿಗುವುದು ಬಹುಪಾಲು ಕೆಲವು ಪದರಗಳ ಹಾಳೆಯೇ. ಒಂದೇ ಪದರದ್ದು ಕಡಿಮೆ. ಎಂಜೈಮಿಗೆ ಅದರಿಂದ ಏನೂ ತೊಂದರೆಯಿಲ್ಲ.

ಕೊನೆಗೆ ಮಿ.ಲೀ.ಗೆ 0.5 ಮಿ.ಗ್ರಾಂ ಆಗುವ ಹಾಗೆ ತೆಳು ಮಾಡಿ 4 ಡಿಗ್ರಿಯಲ್ಲಿಡಿ. ಫ್ರೀಜರಿನಲ್ಲಿ ಬೇಡ, ಹೆಪ್ಪುಗಟ್ಟಿ ಕರಗಿದರೆ ಹಾಳೆಗಳು ಗಂಟು. ಹೊರಗೆ ಬಿಟ್ಟರೆ ಪ್ರೊಟೀನ್ ಹಳಸುತ್ತದೆ. ಮುಚ್ಚಳ ತೆಗೆದಾಗ ಹಳಸಲು ವಾಸನೆ ಬಂದರೆ ಚೆಲ್ಲಿಬಿಡಿ. ಕೆಡದಿರಲಿ ಅಂತ ಸೋಡಿಯಂ ಅಜೈಡ್ ಹಾಕುವವರಿದ್ದಾರೆ. ಮುಂದೆ ಇದೇ ದ್ರವದಲ್ಲಿ ಪೆರಾಕ್ಸಿಡೇಸ್, ಲ್ಯಾಕೇಸ್ ಎಂಬ ಬೇರೆ ಎಂಜೈಮ್ ಬಳಸುವುದಿದ್ದರೆ ಅಜೈಡ್ ಅವನ್ನು ಕೊಲ್ಲುತ್ತದೆ. ನಾನು ಹಾಕುವುದಿಲ್ಲ.

ಹಂತ 5: ಎಲೆಕ್ಟ್ರೋಡ್ ಉಜ್ಜುವುದು

ಅಲ್ಯೂಮಿನಾ ಪುಡಿಯನ್ನು ಒದ್ದೆ ಬಟ್ಟೆಯ ಮೇಲೆ ಹಾಕಿ, 1 ಮೈಕ್ರಾನ್, 0.3, ಆಮೇಲೆ 0.05, ಇದೇ ಕ್ರಮದಲ್ಲಿ ಉಜ್ಜಿ. ಕೈ ಇಂಗ್ಲಿಷಿನ ಎಂಟರ ಆಕಾರದಲ್ಲಿ ಓಡಲಿ, ಒತ್ತಡ ಹಗುರವಾಗಿರಲಿ. ಪ್ರತಿ ಪುಡಿಗೂ ಬೇರೆ ಬಟ್ಟೆ. ತೊಳೆದು, ಎರಡು ನಿಮಿಷ ಸೋನಿಕೇಟ್ ಮಾಡಿ. ಮುಖ ನೋಡಿದರೆ ಕಪ್ಪು ಕನ್ನಡಿಯ ಹಾಗಿರಬೇಕು.

ಪೊಟ್ಯಾಸಿಯಂ ಫೆರಿಸಯನೈಡ್ ದ್ರಾವಣದಲ್ಲಿ ಸೆಕೆಂಡಿಗೆ 50 ಮಿಲಿವೋಲ್ಟ್ ವೇಗದಲ್ಲಿ ಒಂದು ಸೈಕ್ಲಿಕ್ ವೋಲ್ಟಮೋಗ್ರಾಂ (ವೋಲ್ಟೇಜ್ ಏರಿಸಿ ಇಳಿಸುವಾಗ ಬರುವ ಕರೆಂಟಿನ ಗೆರೆ) ತೆಗೆಯಿರಿ. ಎರಡು ಶಿಖರಗಳ ನಡುವಿನ ಅಂತರ ಪುಸ್ತಕದ ಪ್ರಕಾರ 59 ಮಿಲಿವೋಲ್ಟ್. 80ರ ಒಳಗೆ ಬಂದರೆ ಸಾಕು. 120 ಬಂತಾ? ಮತ್ತೆ ಉಜ್ಜಿ. ಇದೊಂದನ್ನು ಬಿಟ್ಟು ಮುಂದೆ ಹೋದವರು ವಾರದ ಕೊನೆಗೆ ಇಲ್ಲಿಗೇ ವಾಪಸ್ ಬಂದಿರುವುದನ್ನು ನೋಡಿದ್ದೇನೆ.

ಹಂತ 6: ಪದರ ಹಾಕುವುದು

ಮೊದಲೊಂದು ಎಚ್ಚರಿಕೆ. ಸಮಯ ಉಳಿಸಲು ಗ್ರಾಫೀನ್, ಎಂಜೈಮ್, ಕೈಟೋಸಾನ್ ಮೂರನ್ನೂ ಒಂದೇ ಟ್ಯೂಬಿನಲ್ಲಿ ಬೆರೆಸುವ ಆಸೆ ಬರುತ್ತದೆ. ಬಿಎಸ್‌ಎ ಅಂಟಿದ ಗ್ರಾಫೀನ್ ಮೈನಸ್, ಕೈಟೋಸಾನ್ ಪ್ಲಸ್. ಬೆರೆಸಿದ ಕೂಡಲೇ ಹಾಲು ಒಡೆದ ಹಾಗೆ: ಕಪ್ಪು ಗಟ್ಟಿ ಒಂದು ಕಡೆ, ತಿಳಿ ನೀರು ಇನ್ನೊಂದು ಕಡೆ. ಒಂದೊಂದೇ ಪದರ ಹಾಕಿದರೆ ಇದೇ ಸೆಳೆತ ನಮ್ಮ ಕೆಲಸಕ್ಕೆ ಬರುತ್ತದೆ.

ಮೊದಲ ಪದರ ಗ್ರಾಫೀನ್. ಎಲೆಕ್ಟ್ರೋಡನ್ನು ತಲೆಕೆಳಗಾಗಿ ನಿಲ್ಲಿಸಿ, ಮುಖದ ನಡುವೆ 5 ಮೈಕ್ರೋಲೀಟರ್ ಹನಿ ಬಿಡಿ. ಹನಿ ಕಪ್ಪು ಭಾಗದಲ್ಲೇ ಇರಬೇಕು, ಸುತ್ತಲಿನ ಪ್ಲಾಸ್ಟಿಕ್ಕಿಗೆ ಹರಿಯಬಾರದು. ಮೇಲೊಂದು ಬೀಕರ್ ಕವುಚಿ ನಿಧಾನವಾಗಿ ಒಣಗಲು ಬಿಡಿ. ಫ್ಯಾನ್ ಕೆಳಗೆ ಒಣಗಿಸಿದರೆ, ಮೇಜಿನ ಮೇಲೆ ಚೆಲ್ಲಿದ ಕಾಫಿ ಒಣಗಿದಾಗ ಅಂಚಿನಲ್ಲಿ ಕಪ್ಪು ಗೆರೆ ಉಳಿಯುತ್ತದಲ್ಲ, ಅದೇ ಗತಿ: ಗ್ರಾಫೀನ್ ಎಲ್ಲ ಅಂಚಿಗೆ, ನಡುವೆ ಖಾಲಿ. ಒಣಗಿದ ಮೇಲೆ ಇನ್ನೊಂದು 5 ಮೈಕ್ರೋಲೀಟರ್. ಒಂದು ದಪ್ಪ ಪದರಕ್ಕಿಂತ ಎರಡು ತೆಳು ಪದರ ವಾಸಿ.

ಎರಡನೆಯದು ಎಂಜೈಮ್. ಮಿ.ಲೀ.ಗೆ 10 ಮಿ.ಗ್ರಾಂ, 5 ಮಿಲಿಮೋಲಾರ್ ಬಫರಿನಲ್ಲಿ, ಆಗತಾನೇ ಕರಗಿಸಿದ್ದು. ದ್ರಾವಣ ತಿಳಿ ಹಳದಿ ಇರುತ್ತದೆ, ಆ ಬಣ್ಣ ಎಫ್‌ಎಡಿಯದು. ವೋರ್ಟೆಕ್ಸ್ ಮೇಲೆ ಅಲುಗಾಡಿಸಬೇಡಿ, ಟ್ಯೂಬನ್ನು ಮೆಲ್ಲಗೆ ಮಗುಚಿ. 5 ಮೈಕ್ರೋಲೀಟರ್ ಹನಿ ಹಾಕಿ, ರೂಮಿನ ಬಿಸಿಯಲ್ಲೇ ಒಣಗಿಸಿ. ಎಂಜೈಮ್ ಬಂದ ಮೇಲೆ ಓವನ್ ಮಾತೇ ಇಲ್ಲ.

ಈ ಪುಟ್ಟ ಹನಿಯ ಲೆಕ್ಕ ನೋಡಿ. 5 ಮೈಕ್ರೋಲೀಟರಿನಲ್ಲಿ 50 ಮೈಕ್ರೋಗ್ರಾಂ ಎಂಜೈಮ್. ಅಣುತೂಕ ಸುಮಾರು 1,60,000, ಅಂದರೆ 310 ಪಿಕೋಮೋಲ್. ಎಲೆಕ್ಟ್ರೋಡಿನ ಮುಖ 0.07 ಚದರ ಸೆಂ.ಮೀ. ಒಂದು ಎಂಜೈಮ್ ಅಣುವಿಗೆ ಕೂರಲು ಹೆಚ್ಚುಕಡಿಮೆ 50 ಚದರ ನ್ಯಾನೋಮೀಟರ್ ಬೇಕು. ಒತ್ತೊತ್ತಾಗಿ ಒಂದೇ ಸಾಲಾಗಿ ಕೂರಿಸಿದರೂ ಸಮತಟ್ಟು ಮುಖದಲ್ಲಿ ಹಿಡಿಸುವುದು ಕಾಲು ಪಿಕೋಮೋಲ್. ನಾವು ಹಾಕಿದ್ದು ಅದರ ಸಾವಿರ ಪಟ್ಟಿಗೂ ಜಾಸ್ತಿ! ಹಳ್ಳಿ ಬಸ್ಸಿನಲ್ಲಿ ಸೀಟು ಹಿಡಿದವರು ಯಾರು, ನಿಂತವರು ಯಾರು, ಟಾಪಿನ ಮೇಲಿರುವವರು ಯಾರು ಅನ್ನುವ ಹಾಗೆ. ಗ್ರಾಫೀನ್ ಜಾಗ ಹೆಚ್ಚಿಸಿದರೂ, ಬಹುಪಾಲು ಎಂಜೈಮ್ ಎಲೆಕ್ಟ್ರೋಡನ್ನು ಮುಟ್ಟುತ್ತಲೇ ಇರುವುದಿಲ್ಲ. ಅವಕ್ಕೆ ಎಲೆಕ್ಟ್ರಾನ್ ಹೊರುವ ಕೂಲಿಯಾಳು ಬೇಕೇ ಬೇಕು.

ಮೂರನೆಯದು ಕೈಟೋಸಾನ್, 3 ಮೈಕ್ರೋಲೀಟರ್. ಪಿಎಚ್ 4.2ಕ್ಕಿಂತ ಮೇಲೆ ಗ್ಲೂಕೋಸ್ ಆಕ್ಸಿಡೇಸ್ ಮೈನಸ್. ಪ್ಲಸ್ ಇರುವ ಕೈಟೋಸಾನ್ ಅದನ್ನು ಬಲೆ ಹಾಕಿ ಹಿಡಿಯುತ್ತದೆ. ಒಣಗಿದ ಮೇಲೆ ಅರ್ಧ ಗಂಟೆ ಅಳತೆಯ ಬಫರಿನಲ್ಲಿ ನೆನೆಸಿ, ಅಂಟದ ಎಂಜೈಮ್ ಹೋಗಲಿ.

ಆ ನೆನೆಸಿದ ಬಫರನ್ನು ಚೆಲ್ಲಬೇಡಿ. ಅದಕ್ಕೆ ಒಂಚೂರು ಗ್ಲೂಕೋಸ್, ಪೆರಾಕ್ಸಿಡೇಸ್, ಎಬಿಟಿಎಸ್ ಎಂಬ ಬಣ್ಣದ ವಸ್ತು ಹಾಕಿ. ಹಸಿರು ಬಂದರೆ ಎಂಜೈಮ್ ಸೋರಿದೆ. ಮೊದಲ ನೆನೆಯಲ್ಲಿ ಹಸಿರು ಸಹಜ. ಎರಡನೇ, ಮೂರನೇ ಸಲವೂ ಹಸಿರೇ ಬಂದರೆ ಬಲೆ ಸಡಿಲ. ಆಗ ಗ್ಲುಟರಾಲ್ಡಿಹೈಡ್ ಆವಿಯಲ್ಲಿ ಕೆಲವು ನಿಮಿಷ ಇಟ್ಟು ಪದರವನ್ನು ಬಿಗಿಮಾಡಬಹುದು. ಕೆಲಸ ಫ್ಯೂಮ್ ಹುಡ್ಡಿನಲ್ಲೇ ಆಗಬೇಕು. ಜಾಸ್ತಿ ಹೊತ್ತು ಇಟ್ಟರೆ ಎಂಜೈಮ್ ಕಟ್ಟಿಗೆಯಾಗುತ್ತದೆ.

ಹಂತ 7: ಅಳತೆ

100 ಮಿ.ಲೀ. ಅಳತೆಯ ಬಫರಿನಲ್ಲಿ 10.8 ಮಿ.ಗ್ರಾಂ ಫೆರೋಸೀನ್ ಮೆಥನಾಲ್ ಕರಗಿಸಿದರೆ 0.5 ಮಿಲಿಮೋಲಾರ್. ಬೇಗ ಕರಗುವುದಿಲ್ಲ, ತಾಳ್ಮೆ ಬೇಕು. ಇದೇ ನಮ್ಮ ಕೂಲಿಯಾಳು. ಫೆರೋಸೀನ್ ಜಾತಿಯ ಮೀಡಿಯೇಟರ್ ಬಳಸಿ ಗ್ಲೂಕೋಸ್ ಅಳೆಯುವ ದಾರಿ 1984ರಲ್ಲಿ ಇಂಗ್ಲೆಂಡಿನಲ್ಲಿ ತೆರೆಯಿತು. ಮನೆಯಲ್ಲೇ ಶುಗರ್ ನೋಡಿಕೊಳ್ಳುವ ಎಲೆಕ್ಟ್ರೋಕೆಮಿಕಲ್ ಮೀಟರುಗಳು ಅಲ್ಲಿಂದಲೇ ಹುಟ್ಟಿದವು.

10 ಮಿ.ಲೀ. ದ್ರಾವಣ ಸೆಲ್ಲಿಗೆ ಹಾಕಿ 15 ನಿಮಿಷ ನೈಟ್ರೋಜನ್ ಗುಳ್ಳೆ ಬಿಡಿ. ನೀರಿನಲ್ಲಿ ಕರಗಿದ ಆಮ್ಲಜನಕ ಸುಮಾರು 0.25 ಮಿಲಿಮೋಲಾರ್ ಇರುತ್ತದೆ. ಅದು ಎಲೆಕ್ಟ್ರಾನ್ ಕದಿಯುತ್ತದೆ.

ಮೊದಲು 0ಯಿಂದ 0.5 ವೋಲ್ಟ್‌ವರೆಗೆ ಸೆಕೆಂಡಿಗೆ 5 ಮಿಲಿವೋಲ್ಟ್ ವೇಗದಲ್ಲಿ ವೋಲ್ಟಮೋಗ್ರಾಂ ತೆಗೆಯಿರಿ. ಗ್ಲೂಕೋಸ್ ಇಲ್ಲದಾಗ 0.2 ವೋಲ್ಟಿನ ಸುತ್ತ ಮೇಲೊಂದು, ಕೆಳಗೊಂದು ಶಿಖರ. 100 ಮೈಕ್ರೋಲೀಟರ್ ಗ್ಲೂಕೋಸ್ ಹಾಕಿ, ಅಂದರೆ 10 ಮಿಲಿಮೋಲಾರ್, ಮತ್ತೆ ತೆಗೆಯಿರಿ. ಮೇಲಿನದ್ದು ಎದ್ದು, ಕೆಳಗಿನದ್ದು ಕುಗ್ಗಿ, ಇಡೀ ಗೆರೆ ಎಸ್ ಆಕಾರಕ್ಕೆ ತಿರುಗಿದರೆ ಎಂಜೈಮ್ ಬದುಕಿದೆ, ಕೆಲಸ ಮಾಡುತ್ತಿದೆ. ಈ ಎಸ್ ಆಕಾರ ನೋಡುವ ಖುಷಿಯೇ ಬೇರೆ.

ಆಮೇಲೆ ಕ್ಯಾಲಿಬ್ರೇಷನ್. ಹೊಸ ದ್ರಾವಣ, 0.35 ವೋಲ್ಟ್, ಮೆಲ್ಲಗೆ ತಿರುಗುವ ಸ್ಟಿರರ್. ಬೇಸ್‌ಲೈನ್ ಇಳಿದು ನಿಲ್ಲಲು ಐದು ನಿಮಿಷವಾದರೂ ಕಾಯಿರಿ. ಗ್ರಾಫೀನಿನ ಕೆಪಾಸಿಟೆನ್ಸ್ ದೊಡ್ಡದು, ಅದು ತುಂಬಿಕೊಳ್ಳುವ ತನಕ ಗೆರೆ ಇಳಿಯುತ್ತಲೇ ಇರುತ್ತದೆ. ನಂತರ ನಿಮಿಷಕ್ಕೊಮ್ಮೆ 10 ಮೈಕ್ರೋಲೀಟರ್ ಗ್ಲೂಕೋಸ್. ಪ್ರತಿ ಸಲಕ್ಕೆ 1 ಮಿಲಿಮೋಲಾರ್ ಏರುತ್ತದೆ, ಕರೆಂಟು ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತದೆ. 10ರವರೆಗೆ ಹೀಗೆ, ಆಮೇಲೆ 15, 20, 25. ರಕ್ತದ ಲೆಕ್ಕಕ್ಕೆ ತಾಳೆ ನೋಡಬೇಕಾದರೆ 1 ಮಿಲಿಮೋಲಾರ್ ಅಂದರೆ ಡೆಸಿಲೀಟರಿಗೆ 18 ಮಿ.ಗ್ರಾಂ. ಖಾಲಿ ಹೊಟ್ಟೆಯ 90 ಅಂದರೆ 5 ಮಿಲಿಮೋಲಾರ್.

ಕನಿಷ್ಠ ಮೂರು ಬೇರೆ ಬೇರೆ ಎಲೆಕ್ಟ್ರೋಡ್ ಮಾಡಿ. ಒಂದೇ ಎಲೆಕ್ಟ್ರೋಡನ್ನು ಮೂರು ಸಲ ಅಳೆದು ಮೂರು ಅನ್ನುವುದು ಮೋಸ. ಇನ್ನೊಂದು, 0.1 ಮಿಲಿಮೋಲಾರ್ ವಿಟಮಿನ್ ಸಿ ಹಾಕಿ ನೋಡಿ. ಅದೂ ಒಂದು ಮೆಟ್ಟಿಲು ಕೊಡುತ್ತದೆ. ಗ್ರಾಫೀನಿಗೆ ವಿಟಮಿನ್ ಸಿ, ಯೂರಿಕ್ ಆಮ್ಲ, ಪ್ಯಾರಾಸಿಟಮಾಲ್ ಅಂದರೆ ಪ್ರೀತಿ. ಎಷ್ಟು ತೊಂದರೆ ಕೊಡುತ್ತದೆ ಅಂತ ಮುಚ್ಚಿಡದೆ ಬರೆಯಿರಿ.

ಹಂತ 8: ಈಗ ಕುದಿಸಿ

ಮೊದಲ ಉಬ್ಬಿಗೆ ಬರೋಣ. ಮೀಡಿಯೇಟರ್ ಹಾಕದೆ, ಆಮ್ಲಜನಕ ತೆಗೆದು, ಮೈನಸ್ 0.7ರಿಂದ ಮೈನಸ್ 0.2ರವರೆಗೆ ಓಡಿಸಿದರೆ ಮೈನಸ್ 0.45ರ ಹತ್ತಿರ ಉಬ್ಬು ಬರುತ್ತದೆ. ಅದನ್ನೇ ತೋರಿಸಿ "ನೇರ ಎಲೆಕ್ಟ್ರಾನ್ ವರ್ಗಾವಣೆ" ಅಂದ ಪ್ರಬಂಧಗಳು ಲೆಕ್ಕವಿಲ್ಲದಷ್ಟಿವೆ. 2018ರಲ್ಲಿ ಬಾರ್ಟ್ಲೆಟ್ ಮತ್ತು ಅಲ್-ಲೊಲಾಗೆ ಎಂಬ ಇಬ್ಬರು ಸಂಶೋಧಕರು ಈ ಸಾಹಿತ್ಯವನ್ನೆಲ್ಲ ಜಾಲಾಡಿ, ಸಹಜ ಗ್ಲೂಕೋಸ್ ಆಕ್ಸಿಡೇಸ್ ಗ್ರಾಫೀನಿಗೋ ಕಾರ್ಬನ್ ನ್ಯಾನೋಟ್ಯೂಬಿಗೋ ನೇರವಾಗಿ ಎಲೆಕ್ಟ್ರಾನ್ ಕೊಡುತ್ತದೆ ಅನ್ನುವುದಕ್ಕೆ ಪುರಾವೆಯೇ ಇಲ್ಲ ಅಂತ ಬರೆದರು. ನನ್ನ ಕುದಿಸಿದ ಎಂಜೈಮ್ ಕೂಡ ಅದನ್ನೇ ಹೇಳಿತ್ತು. ಪ್ರೊಟೀನ್ ಬಿಚ್ಚಿಕೊಂಡಾಗ ಎಫ್‌ಎಡಿ ಹೊರಬಂದು ಗ್ರಾಫೀನಿಗೆ ಅಂಟಿಕೊಳ್ಳುತ್ತದೆ. ಉಬ್ಬು ಆ ಬಿಡಿ ಎಫ್‌ಎಡಿಯದು. ಹಾಗಾಗಿ ಕುದಿಸಿದಷ್ಟೂ ಉಬ್ಬು ದೊಡ್ಡದು.

ಮಾಡಬೇಕಾದ ಪರೀಕ್ಷೆಗಳು ನಾಲ್ಕು. ಬರೀ ಗ್ರಾಫೀನ್ ಹಾಕಿದ ಎಲೆಕ್ಟ್ರೋಡ್ ಒಂದು. 95 ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟ ಎಂಜೈಮ್ ಹಾಕಿದ್ದು ಒಂದು. ಎಂಜೈಮಿನ ಬದಲು ಒಂಚೂರು ಎಫ್‌ಎಡಿ ಹಾಕಿದ್ದು ಒಂದು. ಕೊನೆಯದು ಜೀವಂತ ಎಂಜೈಮಿನ ಎಲೆಕ್ಟ್ರೋಡಿಗೆ, ಆಮ್ಲಜನಕವಿಲ್ಲದೆ, ಗ್ಲೂಕೋಸ್ ಹಾಕುವುದು. ನೇರ ವರ್ಗಾವಣೆ ನಿಜವಿದ್ದರೆ ಮೈನಸ್ 0.45ರಿಂದಲೇ ಆಕ್ಸಿಡೇಷನ್ ಕರೆಂಟ್ ಎದ್ದು ನಿಲ್ಲಬೇಕು. ಗೆರೆ ಕದಲದಿದ್ದರೆ ಉಬ್ಬಿಗೂ ಎಂಜೈಮಿನ ಕೆಲಸಕ್ಕೂ ಸಂಬಂಧವಿಲ್ಲ.

ಗಾಳಿ ಇರುವಾಗ ಗ್ಲೂಕೋಸ್ ಹಾಕಿದರೆ ಕೆಳಗಿನ ಉಬ್ಬು ಕುಗ್ಗುತ್ತದೆ, ಅದನ್ನೇ ಸಾಕ್ಷಿ ಅನ್ನುವವರೂ ಇದ್ದಾರೆ. ಅಲ್ಲಿ ಆಗುವುದು ಇಷ್ಟೇ: ಎಂಜೈಮ್ ಪದರದ ಆಮ್ಲಜನಕವನ್ನು ತಿಂದುಹಾಕುತ್ತದೆ, ಎಲೆಕ್ಟ್ರೋಡಿಗೆ ಅಪಕರ್ಷಿಸಲು ಆಮ್ಲಜನಕ ಉಳಿಯುವುದಿಲ್ಲ. ಅದರಿಂದ ಗ್ಲೂಕೋಸ್ ಅಳೆಯಬಹುದು, ತಪ್ಪೇನಿಲ್ಲ. ಹೆಸರು ಮಾತ್ರ ತಪ್ಪು.

ನೇರ ವರ್ಗಾವಣೆಯೇ ಬೇಕು ಅನ್ನುವವರು ಎಂಜೈಮ್ ಬದಲಿಸಿ. ಫ್ರಕ್ಟೋಸ್ ಡಿಹೈಡ್ರೋಜಿನೇಸ್, ಸೆಲ್ಲೋಬಯೋಸ್ ಡಿಹೈಡ್ರೋಜಿನೇಸ್, ಲ್ಯಾಕೇಸ್, ಬಿಲಿರುಬಿನ್ ಆಕ್ಸಿಡೇಸ್ ಇವು ನಿಜಕ್ಕೂ ಕಾರ್ಬನ್ನಿನ ಜೊತೆ ಮಾತಾಡುತ್ತವೆ. ಅವುಗಳ ಹೀಮ್ (ಕಬ್ಬಿಣವಿರುವ ಭಾಗ) ಅಥವಾ ತಾಮ್ರ ಹೊರಮೈಗೆ ಹತ್ತಿರ ಇದೆ. ಇದೇ ಮಿಕ್ಸಿ ಗ್ರಾಫೀನ್ ಅವಕ್ಕೂ ನಡೆಯುತ್ತದೆ, ಆದರೆ ಆಗ ನಡುವಿನ ಬಿಎಸ್‌ಎ ಅಡ್ಡಿಯಾಗಬಹುದು. ಎಷ್ಟು ಅಡ್ಡಿ ಅಂತ ಬಿಎಸ್‌ಎ ಇಲ್ಲದ ಗ್ರಾಫೀನ್ ಪಕ್ಕದಲ್ಲಿಟ್ಟು ನೋಡಿ.

ಕೆಟ್ಟರೆ ಎಲ್ಲಿ ಹುಡುಕಬೇಕು

ಪದರ ಹಪ್ಪಳದ ಹಾಗೆ ಎದ್ದು ನೀರಿನಲ್ಲಿ ತೇಲಿತಾ? ಗ್ರಾಫೀನ್ ದಪ್ಪ ಜಾಸ್ತಿ, ಇಲ್ಲವೇ ಎಲೆಕ್ಟ್ರೋಡಿನಲ್ಲಿ ಅಲ್ಯೂಮಿನಾ ಉಳಿದಿದೆ.

ಮೊದಲ ಅಳತೆ ಚೆನ್ನಾಗಿದ್ದು ಎರಡನೆಯದು ಅರ್ಧವಾಯಿತಾ? ಸೋರಿಕೆ. ಎಲೆಕ್ಟ್ರೋಡ್ ತೆಗೆದು, ಅದೇ ದ್ರಾವಣಕ್ಕೆ ಉಜ್ಜಿದ ಖಾಲಿ ಎಲೆಕ್ಟ್ರೋಡ್ ಇಳಿಸಿ ನೋಡಿ. ಖಾಲಿಯದರಲ್ಲೂ ಎಸ್ ಆಕಾರ ಬಂದರೆ ಎಂಜೈಮ್ ದ್ರಾವಣದಲ್ಲಿದೆ, ಎಲೆಕ್ಟ್ರೋಡಿನ ಮೇಲಿಲ್ಲ.

ಕೆಳಗಿನ ಸಾಂದ್ರತೆಯಲ್ಲೇ ಕರೆಂಟು ಏರುವುದು ನಿಂತರೆ ಎಂಜೈಮಿಗಿಂತ ಮೊದಲು ಮೀಡಿಯೇಟರ್ ಮೇಲೆ ಅನುಮಾನ ಪಡಿ. ಸ್ವಲ್ಪ ಜಾಸ್ತಿ ಹಾಕಿ ನೋಡಿ. ಗ್ಲೂಕೋಸ್ ಹಾಕಿದರೆ ಏನೂ ಆಗುತ್ತಲೇ ಇಲ್ಲವೆಂದರೆ ಎಂಜೈಮ್ ಬಾಟಲಿಯನ್ನೇ ಎಬಿಟಿಎಸ್‌ನಿಂದ ಪರೀಕ್ಷಿಸಿ. ಫ್ರಿಜ್ಜಿನಿಂದ ತೆಗೆದ ತಕ್ಷಣ ಬಾಟಲಿ ಬಿಚ್ಚುವ ಅಭ್ಯಾಸ ಯಾರಿಗೋ ಇರುತ್ತದೆ. ತಣ್ಣಗಿನ ಪುಡಿಯ ಮೇಲೆ ಗಾಳಿಯ ತೇವ ಕೂತು ಎಂಜೈಮ್ ಮೆಲ್ಲಗೆ ಸಾಯುತ್ತದೆ. ಬಾಟಲಿಯನ್ನು ಅರ್ಧ ಗಂಟೆ ಮೇಜಿನ ಮೇಲಿಟ್ಟು, ರೂಮಿನ ಬಿಸಿಗೆ ಬಂದ ಮೇಲೆ ಮುಚ್ಚಳ ತಿರುಗಿಸಿ.

ತಯಾರಾದ ಎಲೆಕ್ಟ್ರೋಡನ್ನು ರಾತ್ರಿ ಒಣಗಲು ಬಿಡಬೇಡಿ. ಸಣ್ಣ ಬೀಕರಿನಲ್ಲಿ ಬಫರ್ ಹಾಕಿ, ಮುಖ ಮಾತ್ರ ಮುಳುಗುವ ಹಾಗೆ ನೇತುಹಾಕಿ, ಫ್ರಿಜ್ಜಿನಲ್ಲಿಡಿ. ಬೀಕರ್ ಮೇಲೆ ತಾರೀಖು ಬರೆಯಿರಿ, ಪಕ್ಕದಲ್ಲಿ "ಜೀವಂತ" ಅಥವಾ "ಕುದಿಸಿದ್ದು" ಅಂತಲೂ ಬರೆಯಿರಿ. ನೋಡಲು ಎರಡೂ ಒಂದೇ ಕಪ್ಪು.